ಡ್ರೈವರಣ್ಣನ ಕಾರಿನ ಕೀ

ಟೈಲರಮ್ಮನಿಗೆ ಯಾವುದನ್ನೂ ಒಳಮಗ್ಗುಲು ತಿರುಗಿಸಿ ನೋಡದೆ ಸಮಾಧಾನವಿಲ್ಲ. ಅಂಗಿ ಬಿಗಿಯಾಯಿತೆಂದು ಯಾರಾದರೂ ತಂದರೆ ಮೊದಲು ಹೊಲಿಗೆ ನೋಡುತ್ತಾಳೆ. ತಪ್ಪು ಅಂಗಿಯದೋ ಹೊಟ್ಟೆಯದೋ ಎಂದು ಆಮೇಲೆ ಹೇಳುತ್ತಾಳೆ. ಗೋಡೆ ಗಡಿಯಾರ, ರೇಡಿಯೊ, ಇಸ್ತ್ರಿಪೆಟ್ಟಿಗೆ, ಅವಳು ಬಿಚ್ಚಿ ನೋಡದ ವಸ್ತು ಮನೆಯಲ್ಲಿಲ್ಲ. ಎಲ್ಲವೂ ಮತ್ತೆ ಕೂಡಿಕೊಂಡವು ಎಂದರೆ ಸುಳ್ಳಾದೀತು.

ಗಂಡನ ಹಳೆಯ ಕಾರಿಗೆ ಮಾತ್ರ ಅವಳು ಕೈಹಾಕಿದ್ದು ಒಂದೇ ಒಂದು ಸಲ. ಗಂಡ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಬೀದಿಗೆಲ್ಲ ಡ್ರೈವರಣ್ಣ. ಒಂದು ತಿಂಗಳಿಂದ ಆ ಕಾರು ಹಟ ಹಿಡಿದಿತ್ತು. ಕೀ ತಿರುಗಿಸಿದರೆ ‘ಟಕ್’ ಅನ್ನುತ್ತಿತ್ತು, ಅಷ್ಟೇ. ರಾತ್ರಿ ಲೈಟು ಆರಿಸದೆ ಬಿಟ್ಟದ್ದರಿಂದ ಚಾರ್ಜ್ ಖಾಲಿಯಾಗಿದೆ ಎಂದು ಮಗಳು ತೀರ್ಮಾನಿಸಿದಳು. ಮೆಕ್ಯಾನಿಕ್ ಬಂದು, ಬ್ಯಾಟರಿ ಬಿಚ್ಚದೆಯೇ ಚಾರ್ಜರ್ ಸಿಕ್ಕಿಸಿ, ಅಲ್ಲಿ ಇಲ್ಲಿ ಅಲುಗಾಡಿಸಿ ಹೋಗುತ್ತಿದ್ದ. ನಾಲ್ಕು ದಿನ ಸರಿ, ಮತ್ತೆ ಅದೇ ರಾಗ. ಮೂರನೆಯ ಸಲ ಮಗಳು ಕೀಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಅಪ್ಪಾ, ಇವತ್ತು ಲೈಟು ಆರ್ಸೋದು ಮರೆತ್ರಿ. ನಾಳೆ ಬ್ರೇಕ್ ಒತ್ತೋದು ಮರೆತ್ರೆ?"

ಅವನು ಜಗಳವಾಡಲಿಲ್ಲ. ಟೈಲರಮ್ಮನಿಗೆ ಭಯವಾದದ್ದು ಅದಕ್ಕೇ.

"ಆರ್ಸಿದ್ದೆ ಅನ್ಸುತ್ತೆ ಕಣೇ," ಎಂದ ಹೆಂಡತಿಗೆ. "ಆದ್ರೆ ಈಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಅಂದಿನಿಂದ ಒಲೆ ಆರಿಸಿದ ಮೇಲೂ ಎರಡೆರಡು ಸಲ ಅಡುಗೆಮನೆಗೆ ಹೋಗಿ ನೋಡುತ್ತಿದ್ದ. ಬಾಗಿಲಿನ ಬೀಗವನ್ನು ಎಳೆದೆಳೆದು ನೋಡುತ್ತಿದ್ದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇಲ್ಲಿ ಲೈಟು ಉರಿದದ್ದನ್ನು ಪ್ರತ್ಯಕ್ಷ ಕಂಡವರೇ ಇಲ್ಲ. ಭಾನುವಾರ ಬೆಳಿಗ್ಗೆ ಮಗಳು ಕೀ ತಿರುಗಿಸಿ ಕಾರು ಮತ್ತೆ ‘ಟಕ್’ ಎಂದಾಗ ಟೈಲರಮ್ಮ ಮೆಕ್ಯಾನಿಕ್‌ನನ್ನು ಕರೆಯಲಿಲ್ಲ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟು ಅಳೆಯುವ ಮಲ್ಟಿಮೀಟರ್ ಇಸಕೊಂಡು ಬಂದಳು. ಹನ್ನೆರಡೂವರೆ ವೋಲ್ಟಿಗಿಂತ ಮೇಲೆ ತೋರಿಸಿದರೆ ಚಾರ್ಜ್ ಇದೆ, ಹನ್ನೆರಡಕ್ಕಿಂತ ಕೆಳಗಾದರೆ ಇಲ್ಲ ಎಂದು ಅವನು ಹೇಳಿಕೊಟ್ಟಿದ್ದ.

ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸಿದಳು. ಹನ್ನೆರಡು ಪಾಯಿಂಟ್ ಆರು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅಷ್ಟೇ ಇತ್ತು. ಲೈಟು ಉರಿದು ಚಾರ್ಜ್ ಖಾಲಿಯಾಗಿದ್ದರೆ ಇಷ್ಟು ವೋಲ್ಟು ಎಲ್ಲಿಂದ ಬರಬೇಕು?

"ಕೀ ತಿರುಗ್ಸು," ಎಂದಳು ಮಗಳಿಗೆ.

ತಿರುಗಿಸುವಾಗ ಟರ್ಮಿನಲ್ ಮೇಲೆ ಹನ್ನೆರಡು ಚಿಲ್ಲರೆ. ಕೆಂಪು ಕಡ್ಡಿಯನ್ನು ಟರ್ಮಿನಲ್ ಬಿಟ್ಟು ಅದನ್ನೇ ತಬ್ಬಿಕೊಂಡ, ವಯರಿನ ತುದಿಯ ಕ್ಲ್ಯಾಂಪಿಗೆ ಇಟ್ಟು ಇನ್ನೊಮ್ಮೆ ತಿರುಗಿಸಿದರೆ ಬರೀ ನಾಲ್ಕು.

"ರೀ, ಎಂಟು ವೋಲ್ಟು ನಡುವೆ ಯಾವ ಸ್ಟಾಪಲ್ಲಿ ಇಳ್ಕೊಂಡ್ತು?"

ಜಗಲಿಯಲ್ಲಿ ಕುಳಿತಿದ್ದ ಡ್ರೈವರಣ್ಣ ಎದ್ದು ಬಂದ. ಅವಳು ಸ್ಪ್ಯಾನರ್ ಎತ್ತಿಕೊಂಡಳು.

"ಮೊದ್ಲು ಮೈನಸ್ ಬಿಚ್ಚೇ. ಇಲ್ದಿದ್ರೆ ಕಿಡಿ ಹಾರುತ್ತೆ."

ಮರೆಗುಳಿ ಆಡುವ ಮಾತಲ್ಲ ಅದು ಎಂದುಕೊಂಡು ಟೈಲರಮ್ಮ ಮೈನಸ್ ಬಿಚ್ಚಿದಳು, ಆಮೇಲೆ ಪ್ಲಸ್. ಕ್ಲ್ಯಾಂಪಿನೊಳಗಿಂದ ಕಾಲರಿಗೆ ಹಾಕುವ ಕ್ಯಾನ್ವಾಸಿನ ಒಂದು ಮಡಿಕೆ ಹೊರಬಂತು. ಬಿಳಿ ಪುಡಿ ಮೆತ್ತಿಕೊಂಡಿತ್ತು. ಎಳೆ ಬಿಚ್ಚದಿರಲೆಂದು ಅಂಚಿಗೆ ಸಣ್ಣ ಹೊಲಿಗೆ ಬೇರೆ.

ಆ ಹೊಲಿಗೆ ಊರಲ್ಲಿ ಇನ್ನಾರದೂ ಅಲ್ಲ. ತಿಂಗಳ ಹಿಂದೆ ಕ್ಲ್ಯಾಂಪ್ ಸಡಿಲವಾಗಿ ಕಂಡಾಗ, ತಲೆಗೆ ಸಡಿಲಾದ ಟೋಪಿಯೊಳಗೆ ಪಟ್ಟಿ ಕೊಡುವಂತೆ ಅವಳೇ ತುರುಕಿದ್ದಳು. ಬಟ್ಟೆಯಲ್ಲಿ ಕರೆಂಟು ಹರಿಯದೆಂದೇ ಇಸ್ತ್ರಿಪೆಟ್ಟಿಗೆಯ ವಯರಿಗೆ ಅದನ್ನು ಸುತ್ತುತ್ತಾರೆ ಎಂದು ಬೀದಿಗೆಲ್ಲ ವಿವರಿಸಿದವಳು! ಮೆಕ್ಯಾನಿಕ್ ಅಲುಗಾಡಿಸಿದಾಗಲೆಲ್ಲ ಬಟ್ಟೆ ಕೊಂಚ ಸರಿದು ಕಾರು ಓಡುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಚೂರನ್ನು ಸೆರಗಿನೊಳಗೆ ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಮಗಳ ಎದುರಿಗೇ ಅದನ್ನು ಗಂಡನ ಅಂಗೈಗೆ ಹಾಕಿದಳು.

"ನೀವೇನೂ ಮರ್ತಿರ್ಲಿಲ್ಲ ಕಣ್ರೀ. ಮರ್ತಿದ್ದು ನಾನು."

ಅವನು ಆ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಅಂಗಡಿಗೆ ನಡೆದುಹೋಗಿ ಹೊಸ ಕ್ಲ್ಯಾಂಪ್ ತಂದು ಹಾಕಿದ. ಮಗಳು ಕೀಯನ್ನು ಬ್ಯಾಗಿಗೆ ಹಾಕಿಕೊಳ್ಳದೆ ಅವನ ಕೈಗೆ ಕೊಟ್ಟಳು. ಕಾರು ಮೊದಲ ಸಲಕ್ಕೇ ಎದ್ದಿತು.

ಸಂಜೆ ಮೂವರೂ ಹೊರಟರು. ಡ್ರೈವರಣ್ಣ ಬಾಗಿಲಿಗೆ ಬೀಗ ಹಾಕಿ, ಒಂದೇ ಸಲ ಎಳೆದು ನೋಡಿ, ಕಾರಿನತ್ತ ನಡೆದ.