ಕ್ವಾರಿಯ ನೀರುಗಂಟಿ

ಅವರ ಅಂಗಾಲು ಬಿರಿದು ಬೇಸಗೆಯ ಕೆರೆಯಂಗಳದ ಹಾಗಿತ್ತು. ಬಿರುಕುಗಳಲ್ಲಿ ಜಲ್ಲಿಯ ಬೂದು ಪುಡಿ ಮೆತ್ತಿಕೊಂಡಿರುತ್ತಿತ್ತು. ಬೂಟು ಕೊಟ್ಟರೆ ಅದನ್ನು ಪಂಪ್‌ಶೆಡ್ಡಿನ ಮೊಳೆಗೆ ನೇತುಹಾಕಿ, "ಬೂಟು ಹಾಕ್ಕಂಡ್ರೆ ನೀರು ಎಲ್ಲಿ ಜಿನುಗ್ತೈತೆ ಅಂತ ಕಾಲಿಗೆ ಗೊತ್ತಾಗಲ್ಲ ಕಣಮ್ಮಾ" ಎನ್ನುತ್ತಿದ್ದರು. ಸುರಕ್ಷತೆಯ ಪಾಠ ಉರು ಹೊಡೆದು ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಮೈ ಉರಿಯುತ್ತಿತ್ತು.

ಅಜ್ಜಂಪುರದ ಕಡೆಯ ಆ ಜಲ್ಲಿ ಕ್ವಾರಿಗೆ ನಾನು ಸೂಪರ್‌ವೈಸರ್, ಅವರು ಪಂಪು ನೋಡಿಕೊಳ್ಳುವವರು. ಅದಕ್ಕೂ ಮುಂಚೆ ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ. ಆ ಕೆಲಸವನ್ನು ತಮ್ಮನ ಮಗನಿಗೆ ಬಿಟ್ಟು ನಮ್ಮಲ್ಲಿಗೆ ಬಂದರೂ ಎಲ್ಲರ ಬಾಯಲ್ಲೂ ನೀರುಗಂಟಿಯೇ.

ಅವರ ಲೆಕ್ಕದಲ್ಲಿ ಕ್ವಾರಿಯಲ್ಲಿ ಎರಡು ನೀರು. ಮಳೆಯ ನೀರು ಪುಡಿಯನ್ನೆಲ್ಲ ಹೊತ್ತುಕೊಂಡು ಹರಿಯುತ್ತದೆ. ಅದನ್ನು ಬದು ಕಟ್ಟಿ ತಡೆದು, ಸಾಲಾಗಿ ತೋಡಿದ ಗುಂಡಿಗಳಲ್ಲಿ ತಿಳಿಯಾಗಿಸಿಯೇ ಹಳ್ಳಕ್ಕೆ ಬಿಡಬೇಕು. ಇನ್ನೊಂದು, ಬಂಡೆಯ ಸೀಳಿನಿಂದ ಬರುವ ಒರತೆ. ಅದನ್ನು ಪಂಪು ಮಾಡಿ, ಮತ್ತೆ ನೆಲದೊಳಗೆ ಇಳಿಯಲೆಂದು ಇಂಗುಗುಂಡಿಗೆ ಬಿಡುತ್ತಿದ್ದರು. ಅದರ ಕೆಳಗಿನ ಇಳಿಜಾರಿನಲ್ಲೇ ನಾಲ್ಕು ಮನೆಗಳಿಗೆ ಕುಡಿಯುವ ನೀರು ಕೊಡುವ ಬಾವಿ. "ಈ ನೀರು ನಮ್ದಲ್ಲಮ್ಮಾ. ಅವ್ರ ಬಾವಿಗೆ ಹೊಂಟಿದ್ದು. ನಾವು ನಡುವೆ ಗುಂಡಿ ತೋಡ್ಕಂಡು ಕುಂತಿದೀವಿ" ಎನ್ನುವರು.

ದಿನಾ ಬೆಳಿಗ್ಗೆ ಪಂಪು ಹಾಕುವ ಮುಂಚೆ, ಮೊಳಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಆ ಬಾವಿಗೆ ಇಳಿಬಿಡುತ್ತಿದ್ದರು. ನೀರು ಎಷ್ಟು ಕೆಳಗಿದೆಯೆಂದು ಗಂಟು ಎಣಿಸಿ ಹೇಳಿದರೆ ನಾನು ರಿಜಿಸ್ಟರಿನಲ್ಲಿ ಬರೆಯುವುದು. ಅವರಿಗೆ ಓದು ಬರಹ ಬಾರದು.

ಒಮ್ಮೆ ತಂಗಿಯ ಮಗಳ ಮದುವೆಗೆಂದು ಸಖರಾಯಪಟ್ಟಣಕ್ಕೆ ಹೊರಟವರು ಹಗ್ಗವನ್ನು ನನ್ನ ಕೈಗಿಟ್ಟು, "ಮೂರೇ ದಿನ. ನೋಡ್ಕೋ ತಾಯಿ" ಎಂದರು. ರಸ್ತೆ ಕೆಲಸಕ್ಕೆ ಜಲ್ಲಿ ಬೇಗ ಬೇಕೆಂದು ಮಾಲೀಕರು ಅದೇ ದಿನ ಇನ್ನೊಂದು ಪಂಪು ತರಿಸಿದರು. ಇಂಗುಗುಂಡಿ ತುಂಬಿ ಚೆಲ್ಲಿತು. ಒರತೆ ನೀರನ್ನು ನೇರ ಹಳ್ಳಕ್ಕೆ ತಿರುಗಿಸಲು ನಾನೇ ಹೇಳಿದೆ. ಬಾವಿಯ ಹತ್ತಿರ ಹೋಗಲೇ ಇಲ್ಲ. ಹಿಂದಿನ ದಿನದ 'ಹದಿನಾಲ್ಕು ಮೊಳ'ವನ್ನೇ ಮೂರು ಸಲ ಬರೆದೆ.

ಅವರು ಮರಳಿದವರೇ ಕೇಳಿದರು: "ಓದಮ್ಮಾ, ನಾನಿಲ್ದಾಗ ಎಷ್ಟಿತ್ತು?"

"ಹದಿನಾಲ್ಕೇ."

"ಮೂರ್ ದಿನಾನೂ?"

ಹೂಂ ಎಂದೆ. ಅವರು ನನ್ನನ್ನು ಬಾವಿಗೆ ಕರೆದುಕೊಂಡು ಹೋಗಿ ಹಗ್ಗ ಕೊಟ್ಟರು. ಗಂಟುಗಳು ಮುಗಿಯುತ್ತಾ ಬಂದರೂ ಕಲ್ಲು ಇಳಿಯುತ್ತಲೇ ಇತ್ತು. ಕೊನೆಗೆ ಕೇಳಿಸಿದ್ದು ಕೆಸರಿಗೆ ಬಿದ್ದ ಸದ್ದು. ಅವರು ಬೈಯಲಿಲ್ಲ. ಹೋಗಿ ಎರಡೂ ಪಂಪು ನಿಲ್ಲಿಸಿದರು.

ಮಾಲೀಕರು ಕೂಗಾಡುತ್ತಾ ಬಂದು ರಿಜಿಸ್ಟರ್ ಕೇಳಿದರು. ನಾನು ಅದನ್ನು ಎದೆಗವುಚಿಕೊಂಡೆ. "ಪುಸ್ತಕ ಯಾಕೆ ಸ್ವಾಮಿ? ಬಾವಿ ನೋಡ್ಬನ್ನಿ" ಎಂದರು ನೀರುಗಂಟಿ. ಮಾಲೀಕರು ಹೋಗಿ ಬಗ್ಗಿ ನೋಡಿದರು. ಕೆಟ್ಟ ಮನುಷ್ಯರಲ್ಲ, ವಾಪಸ್ಸು ಬರುವಾಗ ದನಿ ಇಳಿದಿತ್ತು. ಬಾವಿಯ ನೀರು ಏರುವವರೆಗೆ ಕ್ವಾರಿಯ ಗುಂಡಿ ಮುಳುಗಿಯೇ ಇರಲಿ, ಇನ್ನು ಮುಂದೆ ಆಳಕ್ಕೆ ಅಗೆಯುವುದು ಬೇಡ ಎಂದುಬಿಟ್ಟರು.

ಬಾವಿಯ ನೀರು ಏರಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೂ ಆ ಮನೆಗಳಿಗೆ ಕ್ವಾರಿಯ ಟ್ಯಾಂಕರಿನಲ್ಲಿ ನೀರು. "ನೀನೇ ಹೋಗಿ ಬಿಂದಿಗೆಗೆ ತುಂಬಿಸ್ಬಾ" ಎಂದು ನೀರುಗಂಟಿ ದಿನಾ ನನ್ನನ್ನೇ ಕಳಿಸುತ್ತಿದ್ದರು. ಮೊದಲ ಮನೆಯ ಅಜ್ಜಿ, "ಪುಣ್ಯ ಬರ್ಲಿ ಕಣೇ ನಿಂಗೆ" ಎನ್ನುತ್ತಿದ್ದಳು. ಆ ಮಾತು ಕೇಳಿ ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಆಮೇಲೆ ನಾನು ತರೀಕೆರೆ ಕಡೆಯ ಇನ್ನೊಂದು ಕ್ವಾರಿ ಸೇರಿದೆ. ಕಳೆದ ಬೇಸಗೆಯಲ್ಲಿ ನೀರುಗಂಟಿ ತೀರಿಕೊಂಡರೆಂದು ಫೋನ್ ಬಂತು. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಸಮಾಧಿಯ ಹತ್ತಿರ ಕೈಮುಗಿದು ಬರುವಾಗ ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತು, ಅಳು ತಡೆಯಲಾರದೆ ಹೇಳಿಯೇ ಬಿಟ್ಟೆ: "ಅಜ್ಜೀ, ಬಾವಿ ಬತ್ತಿದ ಆ ಮೂರು ದಿನ ನಾನು ಬಂದು ನೋಡಿರ್ಲಿಲ್ಲ. ಸುಳ್ಳು ಬರೆದಿದ್ದೆ."

ಅಜ್ಜಿ ನನ್ನ ಬೆನ್ನು ಸವರಿದಳು. "ಗೊತ್ತಿತ್ತು ಕಣೇ. ಬಾವಿ ನಮ್ಮನೆ ಮುಂದೇನೇ ಐತಲ್ಲ, ಬಂದೋರು ಬರ್ದೇ ಇದ್ದೋರು ಕಾಣಲ್ವಾ? ಕೇಳಾಣ ಅಂತಿದ್ದೆ. ಅವ್ನೇ ಬಂದು ಬ್ಯಾಡ ಅಂದ. ಅವ್ಳ ಬಾಯಿಂದ್ಲೇ ಬರ್ಲಿ, ಒಳ್ಳೇ ಹುಡ್ಗಿ, ಹೇಳ್ತಾಳೆ ಅಂದ."

ಮತ್ತೆ ಹೇಳಿದಳು: "ಈ ಯುಗಾದಿಗೂ ಬಂದಿದ್ದ. ಹೇಳಿದ್ಲಾ ಅಂತ ಕೇಳ್ದ."