ಗಂಡು ಕರುಗಳ ಮಾವ

ಮಾವನ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು. ಉಗುರು ಚಪ್ಪಟೆಯಾಗಿ, ತುದಿ ಹಿಂದಕ್ಕೆ ಬಾಗಿತ್ತು. ನಲವತ್ತು ವರ್ಷ ದನಗಳ ಬಾಲದ ಬುಡವನ್ನೂ ಪಕ್ಕೆಯನ್ನೂ ಒತ್ತಿ ಒತ್ತಿ ಹಾಗಾಗಿದೆ ಎಂದು ಅವರೇ ಹೇಳುತ್ತಿದ್ದರು. ಆ ಬೆರಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ನನ್ನ ಮದುವೆಯಲ್ಲಿ ಹಸೆಮಣೆಯ ಮೇಲೆ ಕೂತಿದ್ದ ನನ್ನ ಭುಜವನ್ನು ಹಿಂದಿನಿಂದ ಬಂದು ಒತ್ತಿ, ಹೆಣ್ಣಿನ ಕಡೆಯವರಿಗೆ ಕೇಳುವಂತೆ, "ನಾಟಿ ಮೈ. ಮಾಂಸ ಕಮ್ಮಿ, ಬಾಳಿಕೆ ಜಾಸ್ತಿ. ಯೋಚ್ನೆ ಮಾಡ್ಬೇಡಿ" ಅಂದಿದ್ದರು. ಜಗಳ ಬಂದಾಗ ನನ್ನ ಹೆಂಡತಿ ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಅವರು ನನ್ನ ಅಮ್ಮನ ತಮ್ಮ. ನೆಲಮಂಗಲದ ಕಡೆ ಹೊಲ ಮನೆ ಇದ್ದ ಒಕ್ಕಲು ಮನೆತನ. ಬೇಸಾಯ ಕೈಗೆ ಹತ್ತದೆ ದನದ ದಲ್ಲಾಳಿಯಾದರು. ಉಳುವ ಎತ್ತು, ಕರೆಯುವ ಹಸುವಿನ ವ್ಯಾಪಾರ ಎಂದು ಊರವರಿಗೆ ಹೇಳುವ ಮಾತು. ಅವರ ಗಾಡಿ ಬೆಂಗಳೂರಿನ ಮಾಂಸದಂಗಡಿಗಳವರೆಗೂ ಹೋಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ತಳಿಗಳ ವಿಷಯ ಬಂದರೆ ಮಾವನನ್ನು ಹಿಡಿಯುವವರಿಲ್ಲ. ತೂಬಗೆರೆ ಹೋಬಳಿಯ ನಮ್ಮ ಕೊಟ್ಟಿಗೆಯ ಕಟ್ಟೆ ಮೇಲೆ ಟೀ ಲೋಟ ಇಟ್ಟುಕೊಂಡು ಶುರು ಮಾಡುತ್ತಿದ್ದರು. "ಹಳ್ಳಿಕಾರ್ ಮೈ ಹೊಸೆದ ಹಗ್ಗ ಇದ್ದಂಗೆ, ಬಿಗಿ. ಆದ್ರೆ ತೂಕ ಬರಲ್ಲ. ಈ ಕಪ್ಪು ಬಿಳಿ ಸೀಮೆದು ನೋಡಕ್ಕೆ ಬೆಟ್ಟ, ಒಳಗೆ ಬರೀ ಮೂಳೆ. ಜರ್ಸಿ ಕೊಬ್ಬು ಹಳದಿ, ಗಿರಾಕಿ ಮೂಗು ಮುರೀತಾನೆ. ಹಳ್ಳಿಕಾರ್ ತಾಯಿಗೆ ಸೀಮೆ ಬೀಜ ಹಾಕ್ಸಿದ್ರೆ ಹುಟ್ಟೋ ಮೊದಲ್ನೇ ಕರು ಐತಲ್ಲ, ಅದೇ ಸರಿಯಾದ ಬೆರಕೆ. ಬೆಳೆಯೋದು ಸೀಮೆದರ ಥರ, ಬಿಸಿಲು ತಡೆಯೋದು ನಾಟಿ ಥರ. ಅದರ ಮೇಲೆ ಮತ್ತೆ ಸೀಮೆ, ಮತ್ತೆ ಸೀಮೆ ಅಂತ ಹೋದ್ರೆ ಒಂದು ಉಣ್ಣಿ ಕಚ್ಚಿದ್ರೂ ಮಲಗ್ಬಿಡ್ತದೆ." ಘಾಟಿಯ ದನದ ಜಾತ್ರೆಗೆ ಹೋದರೆ ಮಾತ್ರ ಹಳ್ಳಿಕಾರ್ ಜೋಡಿಗಳನ್ನು ದೂರದಿಂದ ನೋಡಿ ಬರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಯಾಕೆ ಮಾವ ಎಂದರೆ, "ಅವು ನನ್ ಕೈಗೆ ಬರ್ಬಾರ್ದು ಕಣಪ್ಪ" ಅನ್ನುತ್ತಿದ್ದರು.

ನಾವು ಮಾಡಿದ್ದು ಅವರು ಬೇಡವೆಂದದ್ದನ್ನೇ. ಡೇರಿಗೆ ಹಾಕುವ ಹಾಲು ಹೆಚ್ಚಲಿ ಎಂದು ಸೀಮೆಯ ಮೇಲೆ ಸೀಮೆ. ಹೆಣ್ಣು ಕರು ಹುಟ್ಟಿದರೆ ಮನೆಯಲ್ಲಿ ಹಬ್ಬ. ಗಂಡಾದರೆ ಅದಕ್ಕೆ ಹೆಗಲ ಮೇಲೆ ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ. ನಿಂತರೂ ಉಳುವುದಕ್ಕೆ ಟ್ರ್ಯಾಕ್ಟರ್ ಇದೆ. "ಹೆಣ್ಣು ಹುಟ್ಟಿದ್ರೆ ಡಾಕ್ಟ್ರಿಗೆ ಸ್ವೀಟು, ಗಂಡು ಹುಟ್ಟಿದ್ರೆ ನಂಗೆ ಫೋನು" ಎಂದು ಮಾವ ನಗುತ್ತಿದ್ದರು.

ಕರು ಕೊಡುವ ದಿನ ಒಂದು ಶಾಸ್ತ್ರ ನಡೆಯುತ್ತಿತ್ತು. ಅದರ ಕೊರಳ ಹಗ್ಗವನ್ನು ಅಮ್ಮ ಬಿಚ್ಚಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದಳು. ಮಾರಿದ ದನದ ಜೊತೆ ಹಗ್ಗ ಕೊಟ್ಟರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂದು ನಮ್ಮವರ ನಂಬಿಕೆ. ಮಾವ ತಾವು ತಂದ ಹೊಸ ಹಗ್ಗ ಕಟ್ಟುತ್ತಿದ್ದರು. ಆಗ ಅಮ್ಮ ಮುಖ ಬೇರೆ ಕಡೆ ತಿರುಗಿಸಿ, "ಸಾಕೋರಿಗೆ ತಾನೇ ಕೊಡೋದು?" ಎಂದು ಕೇಳುತ್ತಿದ್ದಳು.

"ಸಾಕೋರಿಗೇ ಕಣಕ್ಕ."

ಅಷ್ಟು ಕೇಳಿ ಅಮ್ಮ ಕೈ ತೊಳೆದುಕೊಂಡು ತಮ್ಮನಿಗೆ ಮುದ್ದೆ ಬಡಿಸುತ್ತಿದ್ದಳು. ಚಿಕ್ಕವನಿದ್ದಾಗ ನಾನು ಅದನ್ನು ನಿಜವೆಂದೇ ನಂಬಿದ್ದೆ. ಸುಳ್ಳೆಂದು ಗೊತ್ತಾದ ಮೇಲೂ ಅದು ಮಾವನ ಸುಳ್ಳು ಎಂದುಕೊಂಡಿದ್ದೆ. ನಮ್ಮ ಮನೆಯವರೆಲ್ಲ ನೆಮ್ಮದಿಯಾಗಿ ಮಲಗಲಿ ಎಂದು ಅವರು ಆ ಪಾಪವನ್ನು ಒಬ್ಬರೇ ಹೊತ್ತುಕೊಂಡು ಹೋಗುತ್ತಿದ್ದರು ಎಂದು ಆಗ ತಿಳಿಯಲಿಲ್ಲ.

ಆಮೇಲೆ ಹೊಸ ಕಾನೂನು ಬಂತು. ಹೆದ್ದಾರಿಯಲ್ಲಿ ಗಾಡಿ ತಡೆಯುವವರೂ ಬಂದರು. ಒಮ್ಮೆ ಏಟು ತಿಂದ ಮೇಲೆ ಮಾವ ಗಾಡಿ ಮಾರಿ ಮನೆಯಲ್ಲಿ ಕೂತರು. ಗಂಡು ಕರು ಹುಟ್ಟುವುದೇನೂ ನಿಲ್ಲಲಿಲ್ಲ. ನಮ್ಮೂರಿನಲ್ಲಿ ಸದ್ದಿಲ್ಲದೆ ಒಂದು ರೂಢಿ ಶುರುವಾಯಿತು. ಗಿಣ್ಣು ಹಾಲನ್ನು ಡೇರಿಯವರು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅಷ್ಟು ದಿನ ಕರುವಿಗೆ ಕುಡಿಸುವುದು, ಆಮೇಲೆ ಅದನ್ನು ತಾಯಿಯಿಂದ ದೂರ ಕಟ್ಟಿ ಗಂಜಿ ನೀರು ಇಡುವುದು. ಯಾರೂ ಕೊಲ್ಲುವುದಿಲ್ಲ. ತಾನಾಗಿ ಹೋಗುತ್ತದೆ.

ನಮ್ಮ ಮನೆಯಲ್ಲೂ ಹಾಗೆಯೇ ಮಾಡಿದೆವು. ಅಮ್ಮನ ಮೇಲೆ ಹಾಕಿ ಬರೆಯಬಹುದಿತ್ತು, ಆದರೆ ಹುಲ್ಲಿನ ಮೆದೆಯ ಹಿಂದೆ ಗೂಟ ಹೊಡೆದವನು ನಾನು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಪ್ಪು ಕರು. ಮೊದಮೊದಲು ಕೂಗುತ್ತಿತ್ತು, ಕೊಟ್ಟಿಗೆಯಿಂದ ತಾಯಿ ಓಗೊಡುತ್ತಿತ್ತು. ಆಮೇಲೆ ಯಾರು ಹತ್ತಿರ ಹೋದರೂ ಬೆರಳು, ಸೆರಗು, ಪಂಚೆ, ಸಿಕ್ಕಿದ್ದನ್ನು ಚೀಪುತ್ತಿತ್ತು. ಒಂಬತ್ತನೇ ದಿನ ಅಮ್ಮ ತಡೆಯಲಾರದೆ ತಮ್ಮನಿಗೆ ಫೋನ್ ಮಾಡಿದಳು. "ಬಂದು ಹೊಡ್ಕೊಂಡೋಗೋ. ನನ್ ಕೈಲಿ ನೋಡಕ್ಕಾಗ್ತಿಲ್ಲ."

ಮಾವ ಮಧ್ಯಾಹ್ನದ ಬಸ್ಸಿಗೆ ಬರಿಗೈಲಿ ಬಂದರು. ಮೆದೆಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಕರುವಿನ ಬಾಲದ ಬುಡಕ್ಕೆ ಹೆಬ್ಬೆರಳಿಟ್ಟರು. ಒತ್ತುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಹಿಂದೆ ನಿಂತಿದ್ದ ಅಮ್ಮ, "ಸಾಕೋರಿಗೆ ತಾನೇ ಕೊಡೋದು?" ಎಂದಳು.

"ಯಾರೂ ಸಾಕಲ್ಲ ಕಣಕ್ಕ. ಯಾವತ್ತೂ ಯಾರೂ ಸಾಕಿಲ್ಲ. ನಿಂಗೂ ಗೊತ್ತು." ಮಾವ ದನಿ ಏರಿಸಲಿಲ್ಲ. "ನನ್ ಹತ್ರ ಬಂದಿದ್ರೆ ಇದಕ್ಕೆ ಒಂದು ಗಳಿಗೆ ನೋವು. ನೀವು ಒಂಬತ್ತು ದಿನ ಮಾಡಿದ್ದೀರಿ."

"ನಾನೇನು ಕತ್ತಿ ಹಿಡಿದ್ನೇನೋ?" ಎಂದು ಅಮ್ಮ ಕಿರುಚಿ ಒಳಗೆ ಹೋದಳು.

ಮಾವ ನನ್ನ ಕಡೆ ತಿರುಗಿ, "ಹಾಲು ಕರ್ಕೊಂಡ್ಬಾರಪ್ಪ" ಅಂದರು. ಸಂಜೆಯ ಹಾಲನ್ನು ಡೇರಿಗೆ ಒಯ್ಯದೆ ತಂದುಕೊಟ್ಟೆ. ಬೆರಳು ಅದ್ದಿ ಅದ್ದಿ ಬಾಯಿಗಿಟ್ಟರು. ಕರು ಸ್ವಲ್ಪ ಕುಡಿಯಿತು. ಆದರೆ ಆ ಹೊಟ್ಟೆಯಲ್ಲಿ ಹಾಲು ನಿಲ್ಲಲಿಲ್ಲ. ಬೆಳಗಾಗುವ ಹೊತ್ತಿಗೆ ಅವರ ತೊಡೆಯ ಮೇಲೆ ತಲೆಯಿಟ್ಟು ಸತ್ತಿತ್ತು. ಗುಂಡಿಯನ್ನೂ ಅವರೇ ತೋಡಿದರು, ಗುದ್ದಲಿ ನನ್ನ ಕೈಗೆ ಕೊಡಲಿಲ್ಲ. "ನಲವತ್ತು ವರ್ಷದಲ್ಲಿ ನಾನು ಹೂತಿದ್ದು ಇದೊಂದೇ" ಎಂದು ಹೇಳಿ, ನೀರು ಕೂಡ ಕುಡಿಯದೆ ಬಸ್ಸಿಗೆ ಹೋದರು.

ಅಮ್ಮ ಆಮೇಲೆ ತಮ್ಮನ ಜೊತೆ ಮಾತು ಬಿಟ್ಟಳು. ಮರುವರ್ಷ ಮಾವ ಎದೆನೋವಿನಿಂದ ತೀರಿಕೊಂಡರು. ಹೆಣದ ಮುಂದೆ ಕೂತ ಅಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಬರುವಾಗ ಬಸ್ಸಿನಲ್ಲಿ ಅಂದಳು: "ಅವತ್ತೂ ಒಂದು ಸುಳ್ಳು ಹೇಳಿದ್ರೆ ಅವ್ನ ಗಂಟೇನು ಹೋಗ್ತಿತ್ತೋ?" ಆಗ ಅತ್ತಳು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಹೆದ್ದಾರಿಯಲ್ಲಿ ಏಟು ತಿಂದ ಮೇಲೆ ಮಾವನನ್ನು ಊರೆಲ್ಲ ಕಟುಕ ಎಂದಿತು. ನಮ್ಮ ಮುಖ ನೋಡಿ ನಿಜ ಹೇಳಿದವರು ಅವರೊಬ್ಬರೇ. ಆ ಋಣ ನನ್ನ ಮೇಲಿದೆ.

ಅವರು ಹೋದ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಎರಡು ಗಂಡು ಕರು ಹುಟ್ಟಿವೆ. ಎರಡಕ್ಕೂ ಹೊಟ್ಟೆ ತುಂಬ ಹಾಲು ಕೊಟ್ಟೆ ಎಂದು ಬರೆಯುವ ಆಸೆ ನನಗೆ. ಒಂದಕ್ಕೆ ಕೊಟ್ಟೆ.