ಅಪ್ಪನಿಗೆ ನಾನು ಹಾಕಿದ ಪಥ್ಯ

ಅದು 1962ರ ಬೇಸಿಗೆ. ಹರಿಹರದಲ್ಲಿ ಜೋಳದ ಅಂಗಡಿ ಇಟ್ಟಿದ್ದ ನಮ್ಮಪ್ಪನ ಕಾಲ ಮೇಲೆ ಗಾಡಿಯ ಗಾಲಿ ಹರಿದು ದೊಡ್ಡ ಗಾಯವಾಯಿತು. ಅರವತ್ತೈದು ದಾಟಿದ ಜೀವ. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಅವ್ವ ತೀರಿಕೊಂಡಿದ್ದಳು. ಹರಿಹರದಲ್ಲೇ ಮದುವೆಯಾಗಿದ್ದ ಒಬ್ಬಳೇ ಮಗಳು ನಾನೇ ಎಲ್ಲಕ್ಕೂ ಓಡಾಡಬೇಕಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಎಲ್ಲ ಬಲ್ಲೆ ಎನ್ನುವ ಜಂಬ ಬೇರೆ.

ನಮ್ಮ ಕಡೆ ಗಾಯವಾದವರಿಗೆ ಪಥ್ಯವೆಂದರೆ ಪಥ್ಯ. ಬೇಳೆ ತಿಂದರೆ ಕೀವು, ಹಾಲು ಕುಡಿದರೆ ಕಫ, ರೊಟ್ಟಿಯಂತೂ ಜಡ. ನಾನು ದಿನಾ ರೈಲಿನಲ್ಲಿ ಡಬ್ಬಿ ತುಂಬಾ ತಿಳಿಗಂಜಿ ಒಯ್ಯುತ್ತಿದ್ದೆ. ಆಸ್ಪತ್ರೆಯಲ್ಲಿ ಕೊಡುವ ಹಾಲು, ಬೇಳೆಸಾರು, ಅನ್ನ ಯಾವುದನ್ನೂ ಮುಟ್ಟಬಾರದೆಂದು ಅಪ್ಪನಿಗೆ ತಾಕೀತು ಮಾಡಿದ್ದೆ.

"ಒಂದು ರೊಟ್ಟಿ ತಾರವ್ವ" ಎಂದು ಅಪ್ಪ ಗೋಗರೆದರೆ, "ಬ್ಯಾಡಪ್ಪ, ಮೊದ್ಲು ಗಾಯ ಮಾಯ್ಲಿ" ಎಂದು ಗದರುತ್ತಿದ್ದೆ. ಊಟ ಸರಿಯಾಗಿ ಮಾಡ್ತೀರಾ ಎಂದು ಡಾಕ್ಟರು ಕೇಳಿದರೆ "ಮಾಡ್ತೀನ್ರಿ" ಎನ್ನುತ್ತಿದ್ದರು ಅಪ್ಪ, ಮಗಳ ಮೇಲೆ ಮಾತು ಬರದಿರಲೆಂದು.

ಮೂರು ವಾರವಾದರೂ ಗಾಯ ಕೂಡಲಿಲ್ಲ. ಅಪ್ಪನ ತೋಳು ನನ್ನ ಎರಡು ಬೆರಳ ನಡುವೆ ಸಿಗುವಷ್ಟು ಸಣ್ಣಗಾಯಿತು. "ಹಿಂಗೇ ಆದ್ರೆ ಜೀವಕ್ಕೇ ಕಷ್ಟ ಐತೆ" ಎಂದರು ಡಾಕ್ಟರು. ಹೆದರಿ ನಾನು ಮಾಡಿದ್ದೇನು? ಗಂಜಿಯನ್ನು ಇನ್ನಷ್ಟು ತೆಳುವಾಗಿಸಿದೆ!

ಒಂದು ದಿನ ಬೇಗ ಹೋದೆ. ಪಕ್ಕದ ಮಂಚದಲ್ಲಿ ಆವರಗೆರೆಯ ಒಬ್ಬ ಮುದುಕರಿದ್ದರು. ಅವರ ಹೆಂಡತಿ ಕೊಟ್ಟ ರೊಟ್ಟಿಯನ್ನು ನಮ್ಮಪ್ಪ ಬೇಳೆಯಲ್ಲಿ ಅದ್ದಿ ಗಬಗಬ ತಿನ್ನುತ್ತಿದ್ದಾರೆ! ನನ್ನ ಪಿತ್ತ ನೆತ್ತಿಗೇರಿತು.

"ಯಾಕವ್ವ ಕೂಗ್ತೀಯ? ಪಾಪ, ಹಸಿದೈತೆ ಜೀವ" ಎಂದಳು ಅಜ್ಜಿ. ನಾನು ಕೇಳಲಿಲ್ಲ. ಅಪ್ಪನ ಕೈಯಲ್ಲಿದ್ದ ರೊಟ್ಟಿ ಕಿತ್ತುಕೊಂಡು ಸೀದಾ ಡಾಕ್ಟರ ಮುಂದೆ ಹಿಡಿದೆ.

"ನೋಡ್ರಿ ಸಾರ್, ಕದ್ದು ತಿಂತಾರ. ಗಾಯ ಹೆಂಗೆ ಮಾಯ್ತೈತೆ?"

"ನೀನು ಏನು ಕೊಡ್ತೀಯಮ್ಮ?"

"ಬರೀ ತಿಳಿಗಂಜಿ ಸಾರ್. ಮೂರು ವಾರದಿಂದ ಬೇರೆ ಏನೂ ಮುಟ್ಟಿಸಿಲ್ಲ" ಎಂದೆ, ಹೆಮ್ಮೆಯಿಂದ.

ಡಾಕ್ಟರು ಎದ್ದೇ ನಿಂತರು. "ಮೈಯಲ್ಲಿ ಏನಾದ್ರೂ ಇದ್ರೆ ತಾನೆ ಗಾಯಕ್ಕೆ ಮಾಂಸ ಬರೋದು? ನಾನು ಔಷಧ ಹಾಕ್ತಿದೀನಿ, ನೀನು ಉಪವಾಸ ಕೆಡವಿದೀಯ. ಹೋಗು, ಆ ರೊಟ್ಟಿ ಅವರಿಗೇ ಕೊಡು."

ವಾರ್ಡಿಗೆ ಹಿಂದಿರುಗಿದಾಗ ಅಪ್ಪ ಬೇಳೆ ಮೆತ್ತಿದ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಹೆತ್ತಪ್ಪ ನನಗೆ ಹೆದರಿದ್ದರು.

"ಡಾಕ್ಟ್ರು ಬೈದ್ರೇನವ್ವ?"

"ಬೈದ್ರಪ್ಪ, ನಂಗ" ಎಂದು ರೊಟ್ಟಿ ಮುರಿದು ಕೈಗಿಟ್ಟೆ. ಅವರು ತಿಂದರು, ನಾನು ಅತ್ತೆ. ಅಜ್ಜಿ ಇನ್ನೊಂದು ರೊಟ್ಟಿ ತೆಗೆದು ನನ್ನ ಕೈಗೂ ಕೊಟ್ಟಳು.

ಅಂದಿನಿಂದ ಹಾಲಲ್ಲಿ ನೆನೆಸಿದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ. ತಿಂಗಳೊಪ್ಪತ್ತಿನಲ್ಲಿ ಗಾಯ ಮಾಯ್ದು, ಅಪ್ಪ ಕೋಲೂರಿಕೊಂಡು ತಾವೇ ರೈಲು ಹತ್ತಿದರು. ಅಪ್ಪನನ್ನು ನಾನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಈಗಲೂ ಮೈ ಝುಮ್ಮೆನ್ನುತ್ತದೆ.

ಮರುವರ್ಷ ನನ್ನ ಬಾಣಂತನ. ನಮ್ಮತ್ತೆಯದು ನನಗಿಂತ ಬಿಗಿಯಾದ ಪಥ್ಯ: ಅನ್ನ, ಮೆಣಸಿನ ಸಾರು, ಅಷ್ಟೇ. ಹಸಿದು ಕಂಗಾಲಾಗಿದ್ದೆ. ಮೊಮ್ಮಗನನ್ನು ನೋಡುವ ನೆಪದಲ್ಲಿ ಅಪ್ಪ ಕುಂಟುತ್ತಾ ಬಂದರು. ಅತ್ತೆ ಅತ್ತ ಹೋದದ್ದೇ, ಟವೆಲ್ಲಿನೊಳಗಿಂದ ತುಪ್ಪ ಸವರಿದ ರೊಟ್ಟಿ ತೆಗೆದು ನನ್ನ ಕೈಗಿಟ್ಟರು.

"ಲಗೂನ ತಿನ್ನವ್ವ," ಎಂದರು, "ನಾ ಬಾಗ್ಲು ಕಾಯ್ತೀನಿ."